ಕಾಟಾದ ಮ್ಯಾಲ ನಿಂತ ಹೆಣಮಕ್ಕಳು

ನನ್ನ ಉದ್ಯೋಗ ಏನೆಂದು ಊರಿನಲ್ಲಿ ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅವ್ವ ಹೇಳಿಬಿಡುತ್ತಾಳೆ: “ಆಕಿ ಸಾಂಗ್ಲ್ಯಾಗ ಹೆಣಮಕ್ಕಳಿಗೆ ಸಾಮು ಕಲಸ್ತಾಳ.” ಜಿಮ್ಮಿನ ಬೋರ್ಡಿನ ಮೇಲೆ ನನ್ನ ಹೆಸರಿನ ಕೆಳಗೆ ‘ಪರ್ಸನಲ್ ಟ್ರೇನರ್’ ಎಂದು ಬರೆದಿದ್ದಾರೆ. ಆದರೆ ಅವ್ವನ ಮಾತೇ ಸರಿ. ಸಾಮು ಅಂದರೆ ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ: ತಾಲೀಮಿನಲ್ಲಿ ಗಂಡಸರು ದಂಡ, ಬೈಠಕ್ ಹೊಡೆಯುವುದು. ಹೆಣ್ಣುಮಕ್ಕಳಿಗೂ ಸಾಮು ಇರುತ್ತದೆ, ಅದನ್ನು ಕಲಿಸಿದರೆ ಪಗಾರವೂ ಬರುತ್ತದೆ ಅನ್ನುವುದು ಮಾತ್ರ ಹೊಸದು.

ನಾನು ಜತ್ತ ತಾಲೂಕಿನ ಈ ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು. ಮುಂದೆ ಮರಾಠಿ, ಆಮೇಲೆ ಲಗ್ನ, ಸಾಂಗ್ಲಿ. ಹನ್ನೊಂದು ವರ್ಷದಿಂದ ಸಾಂಗ್ಲಿ–ಮಿರಜ ರಸ್ತೆಯ ಜಿಮ್ಮುಗಳಲ್ಲಿ ದುಡಿಯುತ್ತಿದ್ದೇನೆ. ಮನೆಯಲ್ಲಿ ಯಜಮಾನರು, ಅತ್ತಿ, ಒಂಬತ್ತನೇ ಇಯತ್ತೆಯ ಮಗಳು, ನಾಲ್ಕನೇ ಇಯತ್ತೆಯ ಮಗ. ಬೆಳಿಗ್ಗೆ ಐದೂವರೆಗೆ ಮೊದಲ ಬ್ಯಾಚು, ನೌಕರಿಗೆ ಹೋಗುವವರದು. ಹನ್ನೊಂದಕ್ಕೆ ಮನೆವಾರ್ತೆಯ ಹೆಣ್ಣುಮಕ್ಕಳದು. ಸಂಜೆ ಮತ್ತೊಂದು. ಮಿರಜ ದವಾಖಾನೆಗಳ ಊರು. ಡಾ. ವಾನ್ಲೆಸ್ ಎಂಬ ಮಿಶನರಿ ವೈದ್ಯರು ನೂರು ವರ್ಷಕ್ಕೂ ಹಿಂದೆ ಆಸ್ಪತ್ರೆ ಕಟ್ಟಿದಾಗಿನಿಂದ ನಮ್ಮ ಜತ್ತ, ಅಥಣಿ, ವಿಜಯಪುರದ ಜನ ಕಾಯಿಲೆ ಅಂದರೆ ಮಿರಜ ಅನ್ನುತ್ತಾರೆ. ಹಾಗಾಗಿ ನನ್ನ ಬ್ಯಾಚಿನಲ್ಲಿ ನರ್ಸ್ ಬಾಯಿಗಳು ಬಹಳ. ಕನ್ನಡವೂ ಕಿವಿಗೆ ಬೀಳುತ್ತಿರುತ್ತದೆ.

ಹೊಸದಾಗಿ ಬಂದವರು ಮೊದಲು ಕೇಳುವುದು ತೂಕದ ಕಾಟಾ. ಅದರ ಮೇಲೆ ನಿಲ್ಲುವುದಕ್ಕೆ ಒಂದು ಶಾಸ್ತ್ರವೇ ಇದೆ ನೋಡಿರಿ. ಚಪ್ಪಲಿ ಬಿಡುತ್ತಾರೆ, ಓಡನಿ ತೆಗೆಯುತ್ತಾರೆ, ಮೊಬೈಲ್ ಕೆಳಗಿಡುತ್ತಾರೆ. ಮಂಗಳಸೂತ್ರ ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತವರನ್ನೂ ಕಂಡಿದ್ದೇನೆ. ಕೈಯಲ್ಲಿ ಹಿಡಿದರೇನು, ಕಾಟಾಕ್ಕೆ ಅದು ಬಂದೇ ಬರುತ್ತದೆ. ಉಸಿರು ಒಳಗೆ ಎಳೆದುಕೊಂಡು, ಕಣ್ಣು ಮುಚ್ಚಿ, ಆಮೇಲೆ ಒಂದು ಕಣ್ಣು ತೆರೆದು ಅಂಕಿ ನೋಡುತ್ತಾರೆ. ಅರ್ಧ ಕಿಲೋ ಇಳಿದಿದ್ದರೆ ಆ ದಿನವೆಲ್ಲ ಹಬ್ಬ. ಅರ್ಧ ಕಿಲೋ ಏರಿದ್ದರೆ ಮಧ್ಯಾಹ್ನದ ಊಟ ಬಂದ್. ಆ ಅರ್ಧ ಕಿಲೋ ನಿನ್ನೆ ಕುಡಿದ ನೀರೂ ಆಗಿರಬಹುದು, ಮುಟ್ಟಿನ ಮುಂಚಿನ ಬಾವೂ ಆಗಿರಬಹುದು ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಕಾಟಾದ ಮಾತು ಬಂದರೆ ನನಗೆ ಸಾಂಗ್ಲಿಯ ಮಾರ್ಕೆಟ್ ಯಾರ್ಡು ನೆನಪಾಗುತ್ತದೆ. ನಮ್ಮ ಅಪ್ಪ ಅಲ್ಲಿ ಹಮಾಲನಾಗಿದ್ದ. ಸಾಂಗ್ಲಿಯ ಅರಿಶಿಣ ಪೇಟೆ ದೇಶಕ್ಕೆಲ್ಲ ಹೆಸರಾದದ್ದು. ಅಲ್ಲಿ ಚೀಲ ಕಾಟಾಕ್ಕೆ ಏರುತ್ತದೆ ನಿಜ, ಆದರೆ ಬರೀ ತೂಕ ನೋಡಿ ಯಾವ ವ್ಯಾಪಾರಿಯೂ ದರ ಹೇಳುವುದಿಲ್ಲ. ಕೊಂಬು ಎತ್ತಿ ಪಟಕ್ಕನೆ ಮುರಿಯುತ್ತಾನೆ, ಒಳಗಿನ ಬಣ್ಣ ನೋಡುತ್ತಾನೆ. ಮೇಲೆ ಹೊಳೆಯುವ ಕೊಂಬು ಒಳಗೆ ಪೊಳ್ಳಿರಬಹುದು. ಮನುಷ್ಯನ ಮೈಯೂ ಹಾಗೆಯೇ. ಇದನ್ನು ನಾನು ಹೇಳಿದರೆ ನಂಬಬೇಡಿರಿ, ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಅವರು ತಮ್ಮ ಮೈಯನ್ನೇ ಇಟ್ಟು ತೋರಿಸಿದ್ದಾರೆ. ಅವರು ಮತ್ತು ಯುಡ್ಕಿನ್ ಎಂಬ ಇಂಗ್ಲೆಂಡಿನ ವೈದ್ಯರು ಅಕ್ಕಪಕ್ಕ ನಿಂತ ಫೋಟೋ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತೂಕ ಹಿಡಿದು ಲೆಕ್ಕ ಮಾಡಿದರೆ, ಅಂದರೆ ಬಿ.ಎಂ.ಐ. ತೆಗೆದರೆ, ಇಬ್ಬರದೂ 22.3. ಆದರೆ ಮೈಯೊಳಗಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರದು 9.1 ಪ್ರತಿಶತ, ಯಾಜ್ಞಿಕ ಅವರದು 21.2. ಅಂಕಿ ಒಂದೇ, ಒಳಗಿನ ಮಾಲು ಬೇರೆ. ನಮ್ಮ ಕಡೆಯವರು ನೋಡಲು ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ ಅನ್ನುವುದಕ್ಕೆ ಇದೂ ಒಂದು ಉತ್ತರ: ಸ್ನಾಯು ಕಡಿಮೆ, ಹೊಟ್ಟೆಯ ಸುತ್ತಿನ ಕೊಬ್ಬು ಹೆಚ್ಚು. ಊಟ ಬಿಟ್ಟು ನಾಲ್ಕು ಕಿಲೋ ಇಳಿಸಿದವಳು ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕಳೆದುಕೊಂಡಿರುತ್ತಾಳೆ. ಕಾಟಾಕ್ಕೆ ಅದು ತಿಳಿಯುವುದಿಲ್ಲ. ಆಕೆಗೆ ಮಾತ್ರ ಜೀನೆ ಹತ್ತುವಾಗ ತಿಳಿಯುತ್ತದೆ.

ಅಪ್ಪನ ಮಾತಿಗೆ ಬರುತ್ತೇನೆ. ಅವನ ಕಾಲಕ್ಕೆ ಚೀಲ ಅಂದರೆ ಕ್ವಿಂಟಾಲ್ ಚೀಲ. ದಿನಕ್ಕೆ ಎಷ್ಟು ಹೊತ್ತ ಎನ್ನುವುದನ್ನು ಮುಕಾದಮ ಬರೆದಿಡುತ್ತಿದ್ದ. ಲೆಕ್ಕದ ಪ್ರಕಾರ ಹಮಾಲಿ ಕೈಗೆ ಬರುತ್ತಿತ್ತು. ವಾರಕ್ಕೊಮ್ಮೆ ಊರಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತು, “ಈ ವಾರ ಇಷ್ಟು ಚೀಲ” ಎಂದು ಹೇಳುತ್ತಿದ್ದ, ಕೇಳಿದವರು ತಲೆದೂಗುತ್ತಿದ್ದರು. ಭಾರ ಎತ್ತುವ ಮೊದಲ ಪಾಠ ನನಗೆ ಅವನಿಂದಲೇ. “ಬೆನ್ನಿಂದ ಎತ್ತಬ್ಯಾಡ ತಂಗಿ, ತೊಡಿಯಿಂದ ಎತ್ತು. ಚೀಲ ಮೈಗೆ ಹತ್ತಿರ ಇರಲಿ. ಎತ್ತೂ ಮುಂಚೆ ಉಸುರು ಹಿಡಿ.” ಮುಂದೆ ಟ್ರೇನರ್ ಕೋರ್ಸಿನಲ್ಲಿ ‘ಡೆಡ್‌ಲಿಫ್ಟ್’ ಎಂದು ಕಲಿಸಿದ್ದು ಇದನ್ನೇ. ಫೀ ಮಾತ್ರ ಜಾಸ್ತಿ ತಗೊಂಡರು.

ಅದೇ ಹೊತ್ತಿಗೆ ಅವ್ವ ನೀರು ಹೊರುತ್ತಿದ್ದಳು. ನಮ್ಮ ಊರಿನ ಬೇಸಿಗೆ ನಿಮಗೆ ಹೇಳಬೇಕಿಲ್ಲ. ಟ್ಯಾಂಕರ್ ಬಂದರೆ ಟ್ಯಾಂಕರ್, ಇಲ್ಲದಿದ್ದರೆ ದೂರದ ಬಾವಿ. ತಲೆಯ ಮೇಲೆ ಸಿಂಬಿ, ಅದರ ಮೇಲೆ ಒಂದು ಕೊಡ, ಟೊಂಕದ ಮೇಲೆ ಇನ್ನೊಂದು. ಒಂದು ಕೊಡ ಅಂದರೆ ಹದಿನೈದು ಲೀಟರ್, ಹದಿನೈದು ಕಿಲೋ ಹಿಡಿಯಿರಿ. ದಿನಕ್ಕೆ ಹತ್ತು ಕೊಡ. ನಾನು ಒಮ್ಮೆ ಕೂತು ಲೆಕ್ಕ ಹಾಕಿದೆ: ದಿನಕ್ಕೆ ಒಂದೂವರೆ ಕ್ವಿಂಟಾಲ್, ತಿಂಗಳಿಗೆ 45 ಕ್ವಿಂಟಾಲ್. ಅದರ ಮೇಲೆ ಕಟ್ಟಿಗೆ, ದನದ ಮೇವು, ಟೊಂಕದ ಮೇಲೆ ನಾನು, ನನ್ನ ತಮ್ಮ. ಯಾವ ಮುಕಾದಮನೂ ಬರೆದಿಡಲಿಲ್ಲ. ಕಟ್ಟೆಯ ಮೇಲೆ ಯಾರೂ ತಲೆದೂಗಲಿಲ್ಲ. ಅವ್ವನಿಗೂ ಅದು ಎತ್ತಿದ ಹಾಗೆ ಅನ್ನಿಸಿರಲಿಲ್ಲ. ಈ ಲೆಕ್ಕ ಆಕೆಗೆ ಓದಿ ಹೇಳಿದಾಗ, “ನೀರಿಗೇನ ಲೆಕ್ಕ ಮಾಡ್ತಾರೇನ ಹುಚ್ಚಿ” ಎಂದು ನಕ್ಕಳು.

ಸಾಂಗ್ಲಿ ಜಿಲ್ಲೆ ಪೈಲವಾನರ ಜಿಲ್ಲೆ. ಮಿರಜ ತಾಲೂಕಿನ ಕವಠೆ ಪಿರಾನದ ಮಾರುತಿ ಮಾನೆಯವರು ಹಿಂದ್ ಕೇಸರಿ ಆದವರು, 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಪದಕ ತಂದವರು. ಅವರ ಹೆಸರು ಹೇಳಿದರೆ ಇವತ್ತಿಗೂ ಮುದುಕರು ಎದೆ ಸೆಟೆಸುತ್ತಾರೆ. ನಮ್ಮ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ, ಚೀಲ ಎತ್ತುವ ಪಂದ್ಯಗಳು ನಡೆಯುತ್ತವೆ. ಎತ್ತಿದವನಿಗೆ ಬೆಳ್ಳಿಯ ಕಡಗ, ಪೇಟಾ. ಪೈಲವಾನನ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂದು ಯಾರೂ ಅಳೆಯಲು ಹೋಗುವುದಿಲ್ಲ. ಎಷ್ಟು ಎತ್ತಿದ, ಯಾರನ್ನು ಚಿತ್ ಮಾಡಿದ, ಎಷ್ಟು ಬೈಠಕ್ ಹೊಡೆದ, ಅಷ್ಟೇ. ಗಂಡಿನ ಮೈಗೆ ನಮ್ಮ ಹಿರಿಯರು ಇಟ್ಟ ಅಳತೆ ಕೆಲಸದ್ದು. ಹೆಣ್ಣಿನ ಮೈಗೆ ಇಟ್ಟದ್ದು ನೋಟದ್ದು. ಹೆಣ್ಣು ನೋಡಲು ಬಂದವರು ಚಹಾ ತಟ್ಟೆ ಹಿಡಿದು ಬರುವ ಹುಡುಗಿಯನ್ನು ಮೇಲಿಂದ ಕೆಳಗೆ ನೋಡುತ್ತಾರೆ, ತಟ್ಟೆ ನಡುಗದೆ ಹಿಡಿದ ಕೈಯನ್ನಲ್ಲ.

ಇದು ಬದಲಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ ಅನ್ನುವುದು ಒಂದು ಸಮಾಧಾನ. 2023ರ ಮಾರ್ಚಿನಲ್ಲಿ ಮೊಟ್ಟಮೊದಲ ಮಹಿಳಾ ಮಹಾರಾಷ್ಟ್ರ ಕೇಸರಿ ಕುಸ್ತಿ ನಡೆದದ್ದು ಸಾಂಗ್ಲಿಯಲ್ಲಿ. ಗೆದ್ದವಳು ನಮ್ಮ ಜಿಲ್ಲೆಯ ಪ್ರತೀಕ್ಷಾ ಬಾಗಡಿ. ಅದರ ಹಿಂದಿನ ವರ್ಷ ಸಾಂಗ್ಲಿಯ ಸಂಕೇತ ಸರಗರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 55 ಕಿಲೋ ವಿಭಾಗದಲ್ಲಿ ಬೆಳ್ಳಿ ತಂದ. ಒಟ್ಟು 248 ಕಿಲೋ ಎತ್ತಿದ್ದ. ಅವನ ತಂಗಿಯೂ ಭಾರ ಎತ್ತುವವಳೇ. ಮಣಿಪುರದ ಮೀರಾಬಾಯಿ ಚಾನು ಚಿಕ್ಕವಳಿದ್ದಾಗ ಗುಡ್ಡದಿಂದ ಕಟ್ಟಿಗೆ ಹೊರೆ ಹೊರುತ್ತಿದ್ದವಳು, ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದಳು. ಅವಳ ಮೈತೂಕ 49 ಕಿಲೋದ ಒಳಗೆ, ಎತ್ತಿದ್ದು ಒಟ್ಟು 202. ಅವಳ ಹೊರೆಯನ್ನು ಯಾರೋ ಒಬ್ಬರು ಲೆಕ್ಕಕ್ಕೆ ಹಿಡಿದರು, ಅದಕ್ಕೆ ಅಲ್ಲಿಗೆ ಮುಟ್ಟಿದಳು ಎಂದು ನನ್ನ ಎಣಿಕೆ. ನಮ್ಮ ಊರಿನಲ್ಲಿ ಇನ್ನೆಷ್ಟು ಚಾನು ಇದ್ದರೋ.

ನನ್ನ ಮೈಯ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಬರೀ ಊರ ಉಸಾಬರಿ ಆದೀತು. ಮಗಳು ಹುಟ್ಟಿದಾಗ ನನಗೆ 14 ಕಿಲೋ ಏರಿತ್ತು. ಬಾಣಂತನಕ್ಕೆ ಊರಿಗೇ ಬಂದಿದ್ದೆ. ಅವ್ವ ಅಂಟಿನ ಉಂಡಿ, ಅಳವಿ ಪಾಯಸ ಮಾಡಿ ತಿನ್ನಿಸಿದಳು, ಹೊಟ್ಟೆಗೆ ಹಳೇ ಸೀರೆಯ ಪಟ್ಟಿ ಬಿಗಿದಳು. ಮಗ ಹುಟ್ಟಿದ್ದು ಸಿಝೇರಿಯನ್ನಿಂದ. ಮೈ ಬಲ ಆಯಿತು, ತೂಕವೂ ಬಹಳಷ್ಟು ಇಳಿಯಿತು, ಆದರೆ ಹೊಟ್ಟೆ ಮೊದಲಿನ ಹಾಗೆ ಚಪ್ಪಟೆ ಆಗಲಿಲ್ಲ. ಆಗುವುದೂ ಇಲ್ಲ. ಹೊಲಿಗೆಯ ಮೇಲೆ ಒಂದು ಮಡಿಕೆ ಇದೆ, ತೊಡೆಯ ಮೇಲೆ ಬಿರುಕುಗೆರೆಗಳಿವೆ. ಇದೇ ಮೈಯಿಂದ ನಾನು ನನ್ನ ತೂಕಕ್ಕಿಂತ ಜಾಸ್ತಿ ಭಾರ ನೆಲದಿಂದ ಎತ್ತುತ್ತೇನೆ.

ಹೊಸದಾಗಿ ಬಂದವರ ಕಣ್ಣು ಮೊದಲು ನನ್ನ ಹೊಟ್ಟೆಯ ಮೇಲೆ ಬೀಳುತ್ತದೆ. ಕೆಲವರು ಬಾಯಿಬಿಟ್ಟೇ ಅನ್ನುತ್ತಾರೆ: “ಮ್ಯಾಡಮ್, ನಿಮ್ಮದ ಇನ್ನೂ ಕರಗಿಲ್ಲ, ನಮ್ಮದೇನ ಕರಗಸ್ತೀರಿ?” ಹಿಂದೆ ನಾನಿದ್ದ ಒಂದು ಜಿಮ್ಮಿನ ಮಾಲೀಕರು ಹೊರಗಿನ ಬೋರ್ಡಿಗೆ ನನ್ನ ಫೋಟೋ ಬೇಡ ಅಂದರು. ಎಲ್ಲಿಂದಲೋ ಒಬ್ಬ ಪರದೇಶಿ ಹುಡುಗಿಯ ಚಿತ್ರ ಹಾಕಿಸಿದರು. ಅದರ ಕೆಳಗೆ ಮರಾಠಿಯಲ್ಲಿ ‘ಅನುಭವಿ ಮಹಿಳಾ ಟ್ರೇನರ್’. ಅನುಭವಿ ಅಂದರೆ ನಾನು, ಚಿತ್ರ ಆಕೆಯದು. ಎರಡು ವರ್ಷ ಆ ಬೋರ್ಡಿನ ಕೆಳಗೇ ಹಾಯ್ದು ಕೆಲಸಕ್ಕೆ ಹೋದೆ. ಮಿರಜದ ಸಿತಾರ ಓಣಿಯಲ್ಲಿ ಹಾಯುವಾಗಲೆಲ್ಲ ನನಗೊಂದು ನಗು ಬರುತ್ತದೆ. ಅಲ್ಲಿ ತಂಬೂರಿ ಮಾಡುವವರು ಪಂಢರಪುರದ ಕಡೆಯಿಂದ ಬಂದ ಕುಂಬಳದಂಥ ದೊಡ್ಡ ಬುರುಡೆಗಳನ್ನು ರಾಶಿ ಹಾಕಿಕೊಂಡು, ತಟ್ಟಿ ತಟ್ಟಿ, ದೊಡ್ಡ ಹೊಟ್ಟೆಯದನ್ನೇ ಹುಡುಕುತ್ತಿರುತ್ತಾರೆ. ಹೊಟ್ಟೆ ಇಲ್ಲದಿದ್ದರೆ ನಾದ ಎಲ್ಲಿಂದ ಬರಬೇಕು?

ಹೆತ್ತ ಹೊಟ್ಟೆಯ ಬಗ್ಗೆ ಎರಡು ಕೆಲಸದ ಮಾತು ಹೇಳಿಬಿಡುತ್ತೇನೆ. ಬಸುರಿಯಲ್ಲಿ ಹೊಟ್ಟೆಯ ನಡುಗೆರೆಯ ಎರಡೂ ಬದಿಯ ಸ್ನಾಯುಗಳು ಅಗಲಿ ದೂರ ಸರಿಯುತ್ತವೆ, ಕೂಸಿಗೆ ಜಾಗ ಆಗಬೇಕಲ್ಲ. ಹೆರಿಗೆಯ ನಂತರ ಬಹಳ ಜನರಿಗೆ ತಾವಾಗಿ ಹತ್ತಿರ ಬರುತ್ತವೆ, ಕೆಲವರಿಗೆ ಸಂದು ಉಳಿಯುತ್ತದೆ. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆ ಸ್ವಲ್ಪ ಎತ್ತಿ, ಹೊಕ್ಕಳದ ಮೇಲೆ ಬೆರಳು ಇಟ್ಟು ನೋಡಿರಿ. ಎರಡು ಬೆರಳಿಗಿಂತ ಹೆಚ್ಚು ಒಳಗೆ ಇಳಿದರೆ ಸಂದು ಇದೆ ಎಂದು ತಿಳಿಯಬಹುದು. ಅಂಥವರು ಹೊಟ್ಟೆ ಕರಗಿಸುವ ಹಟಕ್ಕೆ ಬಿದ್ದು ಎದ್ದು-ಮಲಗಿ, ಎದ್ದು-ಮಲಗಿ ಮಾಡಿದರೆ ಹೊಟ್ಟೆಯ ನಡುವೆ ದಿಬ್ಬದ ಹಾಗೆ ಉಬ್ಬುತ್ತದೆ. ಮೊದಲು ಉಸಿರಿನ ಸಾಮು: ಉಸಿರು ಬಿಡುತ್ತ ಹೊಟ್ಟೆಯನ್ನು ಮೆಲ್ಲಗೆ ಒಳಗೆ ತರುವುದು. ಭಾರ ಆಮೇಲೆ. ಸಿಝೇರಿಯನ್ ಆದವರು ಡಾಕ್ಟರರನ್ನು ಕೇಳದೆ ಏನೂ ಶುರು ಮಾಡಬೇಡಿರಿ.

ಇನ್ನೊಂದು, ನಮ್ಮ ಹೆಣ್ಣುಮಕ್ಕಳು ಸಾಯುವವರೆಗೆ ಹೇಳದ ಮಾತು. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ನಾಲ್ಕು ಹನಿ ಮೂತ್ರ ಹೋಗುತ್ತದೆ. “ವಯಸ್ಸಾತು, ಹಡದೀವಿ, ಹಿಂಗ ಇರೋದು” ಎಂದು ಮಡಚಿದ ಬಟ್ಟೆ ಇಟ್ಟುಕೊಂಡು ತಿರುಗುತ್ತಾರೆ, ಲಗ್ನ-ಮುಂಜಿಗೆ ಹೋಗುವುದು ಬಿಡುತ್ತಾರೆ, ಎಸ್.ಟಿ. ಬಸ್ಸಿನ ದೂರದ ದಾರಿ ಅಂದರೆ ಹೆದರುತ್ತಾರೆ. ನನ್ನ ಹನ್ನೊಂದು ಗಂಟೆಯ ಬ್ಯಾಚಿನಲ್ಲಿ ಹಗ್ಗ ಜಿಗಿಯುವ ಹೊತ್ತಿಗೆ ಒಬ್ಬೊಬ್ಬರೇ ಬಾತ್‌ರೂಮಿನ ಕಡೆ ಹೊರಡುವುದನ್ನು ನೋಡಿ ನಾನು ಹಗ್ಗ ಬಂದ್ ಮಾಡಿ ಮಾತು ಶುರು ಮಾಡಿದೆ. ಕೆಳಗಿನ ಸ್ನಾಯುಗಳನ್ನು, ಮೂತ್ರವನ್ನೂ ವಾಯುವನ್ನೂ ತಡೆದ ಹಾಗೆ ಬಿಗಿ ಹಿಡಿದು, ಐದು ಎಣಿಸಿ ಬಿಡುವುದು. ಒಂದು ಸಲಕ್ಕೆ ಎಂಟು-ಹತ್ತು, ದಿನಕ್ಕೆ ಮೂರು ಸಲ, ಮೂರು ತಿಂಗಳು ಬಿಡದೆ. ರೊಟ್ಟಿ ಬಡಿಯುತ್ತ ಮಾಡಬಹುದು, ಬಸ್ ಕಾಯುತ್ತ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಬಹಳ ಜನರಿಗೆ ಗುಣ ಆಗುತ್ತದೆ. ಆಗದಿದ್ದರೆ ಡಾಕ್ಟರರಲ್ಲಿ ಉಪಾಯ ಇದೆ. ಮೂರು ತಿಂಗಳ ಮೇಲೆ ಒಬ್ಬ ನಿವೃತ್ತ ಶಿಕ್ಷಕಿ ನನಗೆ ಹೇಳಿದ ಮಾತು ಯಾವ ಬಹುಮಾನಕ್ಕೂ ಕಡಿಮೆಯಲ್ಲ: “ಗುಡ್ಡಾಪುರ ದಾನಮ್ಮನ ಪಾದಯಾತ್ರಿಗೆ ಎಂಟ ವರ್ಷದಿಂದ ಹೋಗಿದ್ದಿಲ್ಲ. ಈ ಸಲ ನಡದ ಬಂದೆ.” ಆಕೆಯ ತೂಕ ಒಂದು ಕಿಲೋ ಸಹ ಇಳಿದಿರಲಿಲ್ಲ.

ಊರಿಗೆ ಬಂದಾಗ ಕೇಳುವ ಪ್ರಶ್ನೆ ಬೇರೆ. “ನಾವು ದಿನಾ ಹೊಲದಾಗ ಬಗ್ಗಿ ಏಳ್ತೀವಿ, ನಮಗ್ಯಾತರ ಸಾಮು?” ಕೆಲಸ ಮೈಯನ್ನು ಗಟ್ಟಿ ಮಾಡುತ್ತದೆ, ಖರೆ. ಆದರೆ ಕೆಲಸ ಮೈಯನ್ನು ನೋಡಿ ಬರುವುದಿಲ್ಲ. ಕೊಡ ಯಾವಾಗಲೂ ಒಂದೇ ಟೊಂಕಕ್ಕೆ, ಕಳೆ ತೆಗೆಯುವಾಗ ಇಡೀ ದಿನ ನಡು ಬಗ್ಗಿಸಿಯೇ. ಇವತ್ತು ಬೆನ್ನು ನೋಯುತ್ತದೆ ಎಂದು ನಾಳೆ ಭಾರ ಕಡಿಮೆ ಮಾಡುವವರಿಲ್ಲ. ಪೈಲವಾನನಿಗೆ ಸಾಮಿನ ನಂತರ ಹಾಲು, ಬಾದಾಮಿ, ಮಾಲೀಶು, ನಿದ್ದೆ. ನಮ್ಮ ಅವ್ವನಿಗೆ 45 ಕ್ವಿಂಟಾಲಿನ ನಂತರ ಎಲ್ಲರೂ ಉಂಡು ಉಳಿದ ರೊಟ್ಟಿ, ಸೋಮವಾರ ಉಪವಾಸ, ಸಂಕಷ್ಟಿಯ ಉಪವಾಸ. ಅದಕ್ಕೇ ಪೈಲವಾನನಿಗೆ ಭಾರದಿಂದ ಮೈ ಬಂತು, ಅವ್ವನಿಗೆ ಅದೇ ಭಾರದಿಂದ ಮೊಣಕಾಲು ಹೋಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತ ಕಡಿಮೆ ಎಂದು ಬಂದಿದೆ. ರಕ್ತವಿಲ್ಲದ ಮೈಗೆ ಸಾಮು ಹೇಳುವುದು ಎಣ್ಣೆ ಇಲ್ಲದ ಗಾಡಿ ಹೂಡಿದ ಹಾಗೆ.

ಅದಕ್ಕೆ ನಾನು ಸಾಮಿಗಿಂತ ಮೊದಲು ತಟ್ಟೆ ನೋಡುತ್ತೇನೆ. ಪ್ರೋಟೀನ್ ಅಂದರೆ ಡಬ್ಬಿಯ ಪುಡಿಯೇ ಆಗಬೇಕೆಂದಿಲ್ಲ. 55 ಕಿಲೋ ತೂಕದ ಹೆಣ್ಣುಮಗಳಿಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕು. ಒಂದು ತತ್ತಿಯಲ್ಲಿ 6 ಗ್ರಾಂ, ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ 10, ನೂರು ಗ್ರಾಂ ಶೇಂಗಾದಲ್ಲಿ 25. ಮಡಕಿ ಕಾಳಿನ ಉಸುಳಿ, ಹೆಸರಿನ ಕಾಳು, ಪುಠಾಣಿ, ಮೊಸರು, ಶೇಂಗಾ ಚಟ್ನಿ, ಎಲ್ಲ ಮನೆಯಲ್ಲೇ ಇದೆ. ಇರುವುದು ಆಕೆಯ ತಟ್ಟೆಗೆ ಬರುವುದಿಲ್ಲ, ಅಷ್ಟೇ ತೊಂದರೆ. ಸಾಮಿನ ಲೆಕ್ಕಕ್ಕೆ ವಿಶ್ವ ಆರೋಗ್ಯ ಸಂಸ್ಥೆಯವರು ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆಯಂಥದ್ದು, ಅದರ ಜೊತೆ ವಾರಕ್ಕೆ ಎರಡು ದಿನ ಭಾರದ ಸಾಮು ಹೇಳಿದ್ದಾರೆ. ಭಾರಕ್ಕೆ ಒಂದು ಕೈಚೀಲದಲ್ಲಿ ಐದು ಕಿಲೋ ಜೋಳ ಸಾಕು, ತಿಂಗಳಿಗೊಮ್ಮೆ ಒಂದು ಕಿಲೋ ಹೆಚ್ಚಿಸುತ್ತ ಹೋಗುವುದು. ಎರಡೂ ಕೈಗೆ ಸಮ ಇರಲಿ.

ಇಷ್ಟೆಲ್ಲ ಹೇಳುವವಳ ಮನೆಯಲ್ಲಿ ಏನಾಯಿತು ಅಂದರೆ, ಹೋದ ವರ್ಷ ದೀಪಾವಳಿಯ ನಂತರ ಮಗಳ ಊಟದ ಡಬ್ಬಿ ತುಂಬಿದ್ದು ತುಂಬಿದಂತೆ ವಾಪಸು ಬರತೊಡಗಿತು. ಮೊದಲು ಅರ್ಧ, ಆಮೇಲೆ ಇಡೀ ಭಕ್ಕರಿ. ಕೇಳಿದರೆ “ಗೆಳತ್ಯಾರು ತಂದಿದ್ರು, ಅದ ತಿಂದೆ” ಅನ್ನುತ್ತಿದ್ದಳು. ರಾತ್ರಿ ಹೊಟ್ಟೆ ನೋವು ಎಂದು ಮಲಗುತ್ತಿದ್ದಳು. ಅತ್ತಿ ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು, “ಹುಡುಗಿ ಎರಡ ತಿಂಗಳಾತು ಹೊರಗ ಕುಂತಿಲ್ಲ, ಮಾರಿ ಬೆಳ್ಳಗಾಗೇತಿ” ಎಂದರು. ಅತ್ತಿಯ ಕಣ್ಣು ದೊಡ್ಡದು. ಮಗಳನ್ನು ಕೂಡಿಸಿಕೊಂಡು ಕೇಳಿದಾಗ ಹೊರಬಂತು: ದೀಪಾವಳಿಗೆ ಊರಿಗೆ ಬಂದಾಗ ಒಬ್ಬ ಚಿಗವ್ವ ಹತ್ತು ಜನರ ನಡುವೆ, “ಅವ್ವ ಸಾಮಿನ ಬಾಯಿ, ಮಗಳ ನೋಡ್ರಿ ಹೆಂಗ ಉಬ್ಯಾಳ” ಅಂದಿದ್ದಳಂತೆ. ಎಲ್ಲರೂ ನಕ್ಕಿದ್ದರಂತೆ. ಆ ದಿನದಿಂದ ಈಕೆ ಭಕ್ಕರಿ ಎಣಿಸತೊಡಗಿದ್ದಳು. ನಲವತ್ತೇಳು ಕಿಲೋದ ಹುಡುಗಿ, ಬೆಳೆಯುವ ವಯಸ್ಸು.

ಡಾಕ್ಟರರಿಗೆ ತೋರಿಸಿದೆವು. ರಕ್ತ ಕಡಿಮೆ ಬಂತು, ಗುಳಿಗೆ ಕೊಟ್ಟರು, ಊಟ ಬಿಟ್ಟದ್ದಕ್ಕೇ ಮುಟ್ಟು ನಿಂತಿದೆ ಅಂದರು. ಅದು ಸುಲಭದ ಭಾಗ. ಒಂದು ರಾತ್ರಿ ನಾನು ಆಕೆಗೆ ಮೇಲೆ ಬರೆದದ್ದನ್ನೆಲ್ಲ ಹೇಳುತ್ತಿದ್ದೆ, ತೂಕ ಅಂದರೆ ಏನೂ ಅಲ್ಲ, ಮೈ ಏನು ಮಾಡುತ್ತದೆ ಅದನ್ನು ನೋಡಬೇಕು ಎಂದು. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಅಂದಳು:

“ಅವ್ವಾ, ನೀ ಹಂಗ ಅಂತಿ. ನಿನ್ನ ಜಿಮ್ಮಿಗೆ ಬರೋರೆಲ್ಲ ಯಾಕ ಬರ್ತಾರ? ತೆಳ್ಳಗಾಗಾಕ. ಅವರ ರೊಕ್ಕದ ಮ್ಯಾಲ ನನ್ನ ಸಾಲಿ ಫೀ ನಡೀತೈತಿ.”

ಖರೆ ಮಾತು. ಈ ಮಾತಿಗೆ ನಾನು ಏನೆಂದು ಉತ್ತರ ಕೊಡಲಿ? “ಖರೆ ಐತಿ” ಎಂದೆ. ನಮ್ಮ ಧಂದೆ ನಿಂತಿರುವುದೇ ಹೆಣ್ಣುಮಕ್ಕಳು ತಮ್ಮ ಮೈಯನ್ನು ಕಂಡು ನಾಚುವುದರ ಮೇಲೆ. ಲಗ್ನದ ಸೀಜನ್ನಿಗೆ ಎರಡು ತಿಂಗಳ ಮುಂಚೆ ನಮ್ಮಲ್ಲಿ ಗದ್ದಲ, ನವರಾತ್ರಿಗೆ ಮುಂಚೆ ಗದ್ದಲ. ಎಲ್ಲರೂ ಬಂದು ಹೇಳುವುದು ಒಂದೇ ಮಾತು. ನಾಚಿಕೆಯಿಂದ ಬಂದವರಲ್ಲಿ ಕೆಲವರು ಬಲಕ್ಕಾಗಿ ಉಳಿಯುತ್ತಾರೆ. ಬಹಳ ಜನ ಕಾಟಾ ಇಳಿಯಲಿಲ್ಲ ಎಂದು ಹೋಗುತ್ತಾರೆ. ಕಾಟಾವನ್ನು ಒಳಗಿನ ಖೋಲಿಯಲ್ಲಿ ಇಡೋಣ ಎಂದು ಈಗಿನ ಮಾಲೀಕರಿಗೆ ಹೇಳಿ ನೋಡಿದೆ. “ಬಾಯಿ, ಕಾಟಾ ಇಲ್ಲಂದ್ರ ಫೀ ಯಾರ ಕೊಡ್ತಾರ?” ಅಂದರು. ಅವರದೂ ಹೊಟ್ಟೆಪಾಡು. ನನ್ನ ಬ್ಯಾಚಿನ ಮಟ್ಟಿಗೆ ನಾನೊಂದು ವಹಿ ಇಟ್ಟಿದ್ದೇನೆ, ಅಪ್ಪನ ಮುಕಾದಮನ ಹಾಗೆ. ನೆಲದಿಂದ ಕೈ ಊರದೆ ಎದ್ದದ್ದು ಯಾವ ದಿನ, ಎಷ್ಟು ಕಿಲೋ ಎತ್ತಿದ್ದು, ಎಷ್ಟು ಮೆಟ್ಟಿಲು ಹತ್ತಿದ್ದು, ರಾತ್ರಿ ಎಷ್ಟು ತಾಸು ನಿದ್ದೆ. ತೂಕದ ಕಾಲಂ ಹಾಕಿಲ್ಲ. ಅವ್ವ ಬಂದಾಗ ಆಕೆಯ ಹೆಸರೂ ಬರೆದೆ. ಅರವತ್ತೆಂಟರ ಮುದುಕಿ, ಕುರ್ಚಿಯಿಂದ ಕೈ ಊರದೆ ಏಳು ಸಲ ಎದ್ದಳು. “ಇನ್ನೊಂದ ಸಲ ಬರಿ, ಎಂಟ ಆತು” ಎಂದು ಹಟ ಹಿಡಿದು ಎಂಟನೆಯದನ್ನೂ ಎದ್ದಳು.

ಗುರುಗಳಿಗೆ, ಬಾಯಿಗಳಿಗೆ ಒಂದು ಮಾತು. ನಿಮ್ಮ ಶಾಲೆಯಲ್ಲಿ ಏಳು-ಎಂಟನೇ ಇಯತ್ತೆಯ ಹುಡುಗಿಯರ ಡಬ್ಬಿಯ ಮೇಲೆ ಒಂದು ಕಣ್ಣಿಡಿರಿ. ಊಟದ ಹೊತ್ತಿಗೆ ನೆಪ ಹೇಳಿ ಹೊರಗೆ ಉಳಿಯುವವಳು, ಪ್ರಾರ್ಥನೆಯಲ್ಲಿ ಕಣ್ಣು ಕತ್ತಲೆ ಬಂದು ಕೂಡುವವಳು, ಆಟದಿಂದ ಹಿಂದೆ ಸರಿದವಳು, ಬಿಸಿಲಲ್ಲೂ ದೊಗಳೆ ಸ್ವೆಟರ್ ಹಾಕುವವಳು ಕಂಡರೆ ತಾಯಿಯನ್ನು ಕರೆದು ಮೆಲ್ಲಗೆ ಹೇಳಿರಿ. ಬರೀ ಬಡತನದಿಂದಲೇ ಹುಡುಗಿಯರು ಉಪವಾಸ ಬೀಳುತ್ತಾರೆ ಅನ್ನುವ ಕಾಲ ಹೋಯಿತು.

ಮಗಳು ಶಾಲೆಯ ಖೊಖೊ ತಂಡದಲ್ಲಿದ್ದಾಳೆ. ಡಬ್ಬಿ ವಾಪಸು ಬರುತ್ತಿದ್ದ ತಿಂಗಳುಗಳಲ್ಲಿ ಓಡಲಾಗದೆ ತಂಡದಿಂದ ಹೊರಗೆ ಕೂತಿದ್ದಳು, ಈಗ ಮತ್ತೆ ಸೇರಿಸಿಕೊಂಡಿದ್ದಾರೆ. ಸರಾವು ಇದ್ದ ದಿನ ಒಂದೂವರೆ ಭಕ್ಕರಿ, ಮೇಲೆ ಉಸುಳಿ. ರಜೆಯ ದಿನ ಮತ್ತೆ ಅರ್ಧಕ್ಕೆ ಇಳಿಯುತ್ತಾಳೆ. ಮುಟ್ಟು ತಿರುಗಿ ಶುರುವಾಗಿದೆ. ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಹೊಟ್ಟೆ ನೋಡಿಕೊಳ್ಳುವುದು ನಿಂತಿಲ್ಲ.

ಬರುವ ತಿಂಗಳು ಜತ್ತದಲ್ಲಿ ನಮ್ಮ ಪೈಕಿ ಒಂದು ಲಗ್ನ ಇದೆ. ಆ ಚಿಗವ್ವನೂ ಬರುತ್ತಾಳೆ. ನಾನು ಈಗಲೇ ಫೋನು ಹಚ್ಚಿ ಹೇಳಿದ್ದೇನೆ: “ಚಿಗವ್ವಾ, ನನ್ನ ಮಗಳ ಕಂಡರ ಸಾಲಿ ಬಗ್ಗೆ ಕೇಳ್ರಿ, ಖೊಖೊ ಬಗ್ಗೆ ಕೇಳ್ರಿ. ಮೈ ಬಗ್ಗೆ ಮಾತ್ರ ಏನೂ ಅನಬ್ಯಾಡ್ರಿ.”

“ಅಯ್ಯ, ನಾ ಏನ ಅಂದೇನವಾ?” ಅಂದಳು.